ಒದೆಯೋ ಹುಡುಗ

ಮಿಷಿಗನ್ ವಾರ, ಅಂದರೆ ಅಮೆರಿಕನ್ ಫುಟ್‌ಬಾಲಿನಲ್ಲಿ ನಮ್ಮ ಬದ್ಧ ಎದುರಾಳಿ ಮಿಷಿಗನ್ ಯೂನಿವರ್ಸಿಟಿಯ ಮೇಲೆ ಆಟವಿರುವ ವಾರ, ಬಂತೆಂದರೆ ನಮ್ಮೂರು ಕೊಲಂಬಸ್ಸಿನಲ್ಲಿ ಇಂಗ್ಲಿಷಿನ ‘ಎಂ’ ಅಕ್ಷರಕ್ಕೆ ಉಳಿಗಾಲವಿಲ್ಲ. ಒಹಾಯೋ ಸ್ಟೇಟ್ ಯೂನಿವರ್ಸಿಟಿಯ ಕ್ಯಾಂಪಸ್ಸಿನಲ್ಲಿ ಯಾವ ಬೋರ್ಡಿನ ಮೇಲೆ ಆ ಅಕ್ಷರ ಕಂಡರೂ ಕೆಂಪು ಟೇಪಿನಲ್ಲಿ ಅದಕ್ಕೊಂದು ಅಡ್ಡಗೆರೆ ಬೀಳುತ್ತದೆ. 2024ರ ನವೆಂಬರಿನಲ್ಲಿ ಅಣ್ಣನನ್ನು ಅಲ್ಲಿಗೆ ಸುತ್ತಾಡಿಸಲು ಕರೆದುಕೊಂಡು ಹೋಗಿದ್ದೆ. ಅಣ್ಣ ಅಂದರೆ ನಮ್ಮ ತಂದೆ. ನಮ್ಮ ಕಡೆ ಅಪ್ಪನನ್ನು ಹಾಗೇ ಕರೆಯುತ್ತೇವೆ. ಅವರು ಒಂದು ಬೋರ್ಡಿನ ಮುಂದೆ ನಿಂತು, “ಯಾರೋ ತಪ್ಪು ತಿದ್ದಿದ್ದಾರಲ್ಲಮ್ಮ” ಅಂದರು. ತಿಪಟೂರಿನಲ್ಲಿ ಎಷ್ಟೋ ವರ್ಷ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು. ಕೆಂಪು ಗೆರೆ ಕಂಡರೆ ಅವರಿಗೆ ನೆನಪಾಗುವುದು ಉತ್ತರ ಪತ್ರಿಕೆಯೇ.

ಅಮ್ಮ ಹೋದಮೇಲೆ ಅಣ್ಣ ಅಮೆರಿಕಕ್ಕೆ ಬಂದಿದ್ದು ಅದೇ ಮೊದಲು. ಆಗಸ್ಟಿನಲ್ಲಿ ಬಂದರು. ಬಂದ ಹೊಸದರಲ್ಲಿ ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ತೂಕಡಿಕೆ. ಆಗಸ್ಟ್ 31ರ ಶನಿವಾರ ಸೋಫಾದ ಮೇಲೆ ಕೂತಿದ್ದಾಗ ಟೀವಿಯಲ್ಲಿ ಒಹಾಯೋ ಸ್ಟೇಟ್ ಮತ್ತು ಆಕ್ರನ್ ಕಾಲೇಜಿನ ಫುಟ್‌ಬಾಲ್ ಆಟ ಶುರುವಾಯಿತು. ನನ್ನ ಮಗ ಒಹಾಯೋ ಸ್ಟೇಟಿನಲ್ಲಿ ಎರಡನೇ ವರ್ಷ ಓದುತ್ತಿದ್ದ. “ತಾತ, ನಾನು ಸ್ಟೇಡಿಯಮ್ಮಿನಲ್ಲಿ ಇರ್ತೀನಿ, ನೋಡಿ” ಅಂತ ಹೇಳಿ ಹೋಗಿದ್ದ. ಒಂದು ಲಕ್ಷಕ್ಕೂ ಜಾಸ್ತಿ ಜನ ಹಿಡಿಯುವ ಜಾಗ ಅದು. ನಮ್ಮ ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಎರಡು ಪಟ್ಟಿಗಿಂತ ದೊಡ್ಡದು. 1922ರಲ್ಲಿ ಕಟ್ಟಿದ್ದು, ಕುದುರೆ ಲಾಳದ ಆಕಾರ. ಅಷ್ಟು ಜನರ ನಡುವೆ ಮೊಮ್ಮಗನನ್ನು ಹುಡುಕುತ್ತಾ ಅಣ್ಣ ಕಣ್ಣು ಮುಚ್ಚಲೇ ಇಲ್ಲ. ಆವತ್ತು ನಮ್ಮವರು 52-6ರಿಂದ ಗೆದ್ದರು. ಅಣ್ಣನ ನಿದ್ದೆ ಕೂಡ ಆವತ್ತಿನಿಂದಲೇ ಸರಿಹೋಯಿತು.

ಈ ಆಟ ಮೊದಲ ಸಲ ನೋಡುವವರಿಗೆ ಸುಮ್ನೆ ಗುದ್ದಾಟದ ಹಾಗೆ ಕಾಣುತ್ತದೆ. ಲೆಕ್ಕ ಮಾತ್ರ ಸರಳ. ನಾಲ್ಕು ಸಲ ಪ್ರಯತ್ನ ಮಾಡಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಹೀಗೆ ಹೋಗುತ್ತಾ ಹೋಗುತ್ತಾ ಎದುರಾಳಿಯ ಗಡಿ ದಾಟಿದರೆ ಟಚ್‌ಡೌನ್, ಆರು ಅಂಕ. ಅಷ್ಟು ದೂರ ಹೋಗಲಾಗದಿದ್ದರೆ ಚೆಂಡನ್ನು ಎರಡು ಕಂಬಗಳ ನಡುವೆ ಒದೆಯಬಹುದು, ಅದು ಫೀಲ್ಡ್ ಗೋಲ್, ಮೂರು ಅಂಕ. ಅಣ್ಣನಿಗೆ ಹಿಡಿಸಿದ್ದು ಈ ಕೊನೆಯ ಭಾಗವೇ. ಉಳಿದವರೆಲ್ಲ ಇಡೀ ಹೊತ್ತು ಮೈಕೈ ನೋಯಿಸಿಕೊಂಡು ಆಡುತ್ತಾರೆ. ಒದೆಯುವವನು ಮಾತ್ರ ಬದಿಯಲ್ಲಿ ನಿಂತು ಕಾಯುತ್ತಿರುತ್ತಾನೆ. ಕರೆ ಬಂದಾಗ ಒಳಗೆ ಹೋಗಿ, ಒಂದೆರಡು ಸೆಕೆಂಡಿನಲ್ಲಿ ಕೆಲಸ ಮುಗಿಸಿ ಬರಬೇಕು. “ಇವನದ್ದು ಬೋರ್ಡ್ ಪರೀಕ್ಷೆ ಕಣಮ್ಮ. ವರ್ಷವೆಲ್ಲ ಓದಿದ್ದನ್ನ ಮೂರು ಗಂಟೆಯಲ್ಲಿ ತೋರಿಸಬೇಕಲ್ಲ, ಹಂಗೇ” ಅಂದರು. ಒಹಾಯೋ ಸ್ಟೇಟಿನಲ್ಲಿ ಒದೆಯುತ್ತಿದ್ದವನ ಹೆಸರು ಜೇಡನ್ ಫೀಲ್ಡಿಂಗ್. ಅಣ್ಣನ ಬಾಯಲ್ಲಿ ಕೊನೆಯವರೆಗೂ ‘ಒದೆಯೋ ಹುಡುಗ’.

ಆ ವರ್ಷದ ತಂಡವನ್ನು ಕಟ್ಟಲು ಸುಮಾರು 2 ಕೋಟಿ ಡಾಲರ್ ಖರ್ಚಾಯಿತು ಎಂದು ಯೂನಿವರ್ಸಿಟಿಯ ಕ್ರೀಡಾ ಮುಖ್ಯಸ್ಥರೇ ಹೇಳಿದ್ದರು. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹಾರುವುದೂ ಈಗ ಸುಲಭ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್ ಕ್ಯಾನ್ಸಸ್ ಸ್ಟೇಟಿನಿಂದ ಬಂದವನು. ಕೇಲಬ್ ಡೌನ್ಸ್ ಅಲಬಾಮಾದಿಂದ, ಕ್ವಿನ್ಶಾನ್ ಜಡ್ಕಿನ್ಸ್ ಮಿಸಿಸಿಪಿಯಿಂದ. “ಇವರಿಗೆ ಪಾಠ ಯಾವಾಗ?” ಅಂತ ಅಣ್ಣ ಕೇಳಿದರು. ನನಗೂ ಈ ದುಡ್ಡಿನ ವಿಷಯ ಪೂರ್ತಿ ಒಗ್ಗಿಲ್ಲ. ಆದರೆ ಇಷ್ಟು ವರ್ಷ ಈ ಹುಡುಗರ ಮೈಮೇಲೆ ಬೇರೆ ಎಲ್ಲರೂ ದುಡ್ಡು ಮಾಡಿ, ಅವರಿಗೆ ಮಾತ್ರ ಕೊಡದೆ ಇದ್ದದ್ದು ಇನ್ನೂ ದೊಡ್ಡ ತಪ್ಪು ಅಂತಲೇ ನನ್ನ ಅನಿಸಿಕೆ.

ನನಗೆ ಹತ್ತಿರವಾದವರು ದುಡ್ಡಿಗೆ ಬಂದವರಲ್ಲ, ಉಳಿದುಕೊಂಡವರು. ಜ್ಯಾಕ್ ಸಾಯರ್, ಜೆ.ಟಿ. ಟುಯಿಮೊಲೊವಾವ್, ಎಮೆಕಾ ಎಗ್ಬೂಕಾ, ಟ್ರೆವಿಯಾನ್ ಹೆಂಡರ್ಸನ್, ಡೆನ್ಜೆಲ್ ಬರ್ಕ್. ಎಲ್ಲರೂ 2021ರಲ್ಲಿ ಸೇರಿದವರು. ಮೂರು ವರ್ಷ ಆಡಿ ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ಗೆ ಹೋಗಬಹುದಿತ್ತು, ಹೋಗಲಿಲ್ಲ. ಕಾರಣ ಮಿಷಿಗನ್. ಆ ಮೂರೂ ವರ್ಷ ಅವರು ಮಿಷಿಗನ್ ಮೇಲೆ ಸೋತಿದ್ದರು. ಮಿಷಿಗನ್ನನ್ನು ಗೆದ್ದವರಿಗೆ ಇಲ್ಲಿ ಒಂದು ಪುಟ್ಟ ಬಂಗಾರದ ಪ್ಯಾಂಟ್ ಕೊಡುತ್ತಾರೆ, ಸರಕ್ಕೆ ಹಾಕಿಕೊಳ್ಳುವ ಪದಕದಷ್ಟು ಚಿಕ್ಕದು. 1934ರಲ್ಲಿ ಫ್ರಾನ್ಸಿಸ್ ಶ್ಮಿಟ್ ಎಂಬ ಕೋಚ್ ಬಂದಾಗ, ‘ಮಿಷಿಗನ್ನಿನವರೂ ನಮ್ಮ ಹಾಗೆ ಒಂದೊಂದೇ ಕಾಲು ತೂರಿಸಿ ಪ್ಯಾಂಟ್ ಹಾಕಿಕೊಳ್ಳುವವರೇ’ ಎಂಬರ್ಥದ ಮಾತು ಹೇಳಿದರಂತೆ. ಅಲ್ಲಿಂದ ಬಂದ ಪದ್ಧತಿ. ಸಾಯರ್ ಕೊಲಂಬಸ್ಸಿನ ಪಕ್ಕದ ಪಿಕರಿಂಗ್ಟನ್ನಿನ ಹುಡುಗ. ಚಿಕ್ಕಂದಿನಿಂದ ಈ ಪದಕದ ಕತೆ ಕೇಳಿ ಬೆಳೆದ ಊರಿನವನ ಹತ್ತಿರ ಒಂದೂ ಇಲ್ಲ.

ಅಕ್ಟೋಬರ್ 12ಕ್ಕೆ ಓರೆಗಾನಿನಲ್ಲಿ ಒಂದೇ ಅಂಕದಿಂದ ಸೋತೆವು, 32-31. ಕೊನೆಯಲ್ಲಿ ಒಂದು ಫೀಲ್ಡ್ ಗೋಲ್ ಸಾಕಿತ್ತು. ಹೋವರ್ಡ್ ಚೆಂಡು ಹಿಡಿದು ಓಡಿ ಜಾರಿ ಕೂರುವಷ್ಟರಲ್ಲಿ ಗಡಿಯಾರ ಸೊನ್ನೆಗೆ ಬಂದಿತ್ತು. ಒದೆಯೋ ಹುಡುಗ ಬದಿಯಲ್ಲೇ ಉಳಿದ. ಅದೇ ಆಟದಲ್ಲಿ ಎಡತುದಿಯ ಕಾವಲುಗಾರ ಜಾಶ್ ಸಿಮನ್ಸ್‌ನ ಮಂಡಿಗೆ ಪೆಟ್ಟಾಗಿ ಅವನ ಸೀಸನ್ ಮುಗಿಯಿತು. ಕ್ವಾರ್ಟರ್‌ಬ್ಯಾಕಿನ ಕಣ್ಣಿಗೆ ಬೀಳದ ಬದಿಯನ್ನು ಕಾಯುವ ಜಾಗ ಅದು. ಅಲ್ಲಿಗೆ ಪಕ್ಕದ ಜಾಗದಲ್ಲಿ ಆಡುತ್ತಿದ್ದ ಡಾನವನ್ ಜ್ಯಾಕ್ಸನ್ ಬಂದ. ಹೊರಗಿನಿಂದ ನೋಡಿದರೆ ಒಂದು ಹೆಜ್ಜೆ ಎಡಕ್ಕೆ ಸರಿದ ಹಾಗೆ, ಆದರೆ ಕೆಲಸವೇ ಬೇರೆ. ಪೆನ್ ಸ್ಟೇಟ್ ಮೇಲಿನ ಆಟದಲ್ಲಿ ಅವನ ಎದುರಿಗೆ ನಿಂತವನು ಅಬ್ದುಲ್ ಕಾರ್ಟರ್, ದೇಶದ ಅತಿ ವೇಗದ ದಾಳಿಗಾರರಲ್ಲಿ ಒಬ್ಬ. ಜ್ಯಾಕ್ಸನ್ ಅಲ್ಲಲ್ಲಿ ಸೋತ, ಆದರೆ ಜಾಗ ಬಿಡಲಿಲ್ಲ. 20-13ರಲ್ಲಿ ಮುಂದಿದ್ದಾಗ ನಮ್ಮವರು ಕೊನೆಯ ಐದು ನಿಮಿಷಕ್ಕೂ ಜಾಸ್ತಿ ಹೊತ್ತು ಎದುರಾಳಿಗೆ ಚೆಂಡನ್ನೇ ಕೊಡದೆ ಬರೀ ಓಡಿ ಓಡಿ ಆಟ ಮುಗಿಸಿದರು. ಕಬಡ್ಡಿಯಲ್ಲಿ ಮುಂದಿರುವ ತಂಡ ಹೊತ್ತು ಕಳೆಯುತ್ತದಲ್ಲ, ಹಾಗೆ. ಅಣ್ಣ ಎದ್ದು ನಿಂತು ನೋಡಿದ್ದು ಆವತ್ತು.

ಪರ್ಡ್ಯೂ, ನಾರ್ತ್‌ವೆಸ್ಟರ್ನ್, ಅಲ್ಲಿಯವರೆಗೆ ಒಂದೂ ಸೋಲದ ಇಂಡಿಯಾನಾ, ಎಲ್ಲರನ್ನೂ ಸೋಲಿಸಿ ನವೆಂಬರ್ 30ಕ್ಕೆ ಬಂದೆವು.

ಮಿಷಿಗನ್ ಆ ವರ್ಷ ಅಷ್ಟೇನೂ ಚೆನ್ನಾಗಿ ಆಡಿರಲಿಲ್ಲ, ಆಗಲೇ ಐದು ಸೋತಿತ್ತು. ಆಟ ನಮ್ಮೂರಲ್ಲೇ. ಎಲ್ಲರೂ ಗೆದ್ದೇಬಿಟ್ಟೆವು ಅಂದುಕೊಂಡಿದ್ದರು. ನಾನು ಬೆಳಿಗ್ಗೆಯೇ ಬಿಸಿಬೇಳೆ ಬಾತ್ ಮಾಡಿಟ್ಟಿದ್ದೆ, ಮಗ ಆಟ ಮುಗಿಸಿಕೊಂಡು ಗೆಳೆಯರ ಜೊತೆ ಬರುವವನಿದ್ದ. ಅರ್ಧ ಆಟಕ್ಕೆ 10-10. ಆಮೇಲೆ ನಮ್ಮವರಿಗೆ ಒಂದು ಅಂಕವೂ ಬರಲಿಲ್ಲ. ಗೋಡೆಯಂತೆ ನಿಂತಿದ್ದ ನಡುಭಾಗಕ್ಕೇ ಮತ್ತೆ ಮತ್ತೆ ಹೋಗಿ ಡಿಕ್ಕಿ ಹೊಡೆದರು. ಗಾಳಿಯಲ್ಲಿ ಹಿಡಿಯುವವರು ಜೆರಮಾಯಾ ಸ್ಮಿತ್, ಎಗ್ಬೂಕಾ ಅಂಥವರು ಇದ್ದೂ ಹೀಗೇಕೆ ಮಾಡಿದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೋವರ್ಡ್ ಎಸೆದ ಎರಡು ಚೆಂಡು ಮಿಷಿಗನ್ನಿನವರ ಕೈ ಸೇರಿದವು. ಒದೆಯೋ ಹುಡುಗ ಎರಡು ತಪ್ಪಿದ. ಎರಡೂ 40 ಗಜದ ಒಳಗಿನವು. ಕೊನೆಯ ನಿಮಿಷದಲ್ಲಿ ಮಿಷಿಗನ್ನಿನ ಕಿಕ್ಕರ್ ತಪ್ಪಲಿಲ್ಲ. 13-10. ಸತತ ನಾಲ್ಕನೇ ಸೋಲು.

ಆಟ ಮುಗಿದ ಮೇಲೆ ಮಿಷಿಗನ್ನಿನವರು ಮೈದಾನದ ನಡುವೆ ತಮ್ಮ ಬಾವುಟ ನೆಡಲು ಹೋದರು. ಹೊಡೆದಾಟವಾಯಿತು. ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಅಣ್ಣ ಟೀವಿ ಆರಿಸಲು ಹೇಳಿದರು.

ಕೋಚ್ ರಾಯನ್ ಡೇ ಅವರನ್ನು ಕಿತ್ತುಹಾಕಿ ಎಂದು ಊರೆಲ್ಲ ಕೂಗು. ಆವತ್ತು ನಾನೂ ಒಂದು ಕೆಲಸ ಮಾಡಿದೆ, ಅದನ್ನು ಹೇಳಲೇಬೇಕು. ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಆ ಕಿಕ್ಕರ್ ಹುಡುಗನ ಬಗ್ಗೆ ಬರೆದೆ. ಏನು ಬರೆದೆ ಅಂತ ಇಲ್ಲಿ ಮತ್ತೆ ಬರೆಯಲಾರೆ. ಸೋತದ್ದು ಮೂರು ಅಂಕದಿಂದ, ಅವನು ತಪ್ಪಿದ್ದು ಆರು ಅಂಕ. ಆ ಲೆಕ್ಕ ತಲೆಯಲ್ಲಿ ಸುತ್ತುತ್ತಿತ್ತು. ನಾಲ್ಕಾರು ಜನ ನನಗಿಂತ ಖಾರವಾಗಿ ಬರೆದರು. ಮಗ ಸಂಜೆ ಒಬ್ಬನೇ ಬಂದು ಊಟ ಮಾಡದೆ ರೂಮಿಗೆ ಹೋದ. ಬಾತ್ ಹಾಗೇ ತಣ್ಣಗಾಯಿತು.

ಅಣ್ಣ ನನ್ನ ಫೋನ್ ನೋಡಿರಲಿಲ್ಲ. ಸುಮ್ಮನೆ ಕೂತಿದ್ದವರು, “ಆ ಹುಡುಗನ ಅಮ್ಮ ಸ್ಟೇಡಿಯಮ್ಮಿನಲ್ಲಿ ಎಲ್ಲಿ ಕೂತಿದ್ದಳೋ” ಅಂದರು.

ಆಮೇಲೆ ಒಂದು ಹಳೇ ಸಂಗತಿ ಹೇಳಿದರು. ಅಷ್ಟು ವರ್ಷ ಅವರ ಮಗಳಾಗಿದ್ದೂ ನಾನು ಅದನ್ನು ಕೇಳಿರಲಿಲ್ಲ. ಎಂಬತ್ತರ ದಶಕದ ಮಾತು. ಹುಳಿಯಾರಿನ ಆಚೆಯ ಒಂದು ಹಳ್ಳಿಯಿಂದ ಬರುತ್ತಿದ್ದ ಹುಡುಗ. ತರಗತಿಯಲ್ಲಿ ಚುರುಕು. ಬೋರ್ಡ್ ಪರೀಕ್ಷೆಯಲ್ಲಿ ಗಣಿತವೊಂದೇ ಹೋಯಿತು. ರಿಸಲ್ಟ್ ಹಚ್ಚಿದ್ದ ಗೋಡೆಯ ಹತ್ತಿರ ಎದುರಿಗೆ ಸಿಕ್ಕ. “ನಾಲ್ಕು ಜನರ ಮುಂದೆ ನಾನು ಅವನಿಗೆ ಒಂದು ಮಾತು ಅಂದೆ” ಅಂದರು ಅಣ್ಣ. ಯಾವ ಮಾತು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹುಡುಗ ಆಮೇಲೆ ಕಾಲೇಜಿನ ಕಡೆ ಬರಲಿಲ್ಲ. ಸಪ್ಲಿಮೆಂಟರಿಗೆ ಅಣ್ಣನೇ ಫೀಸು ಕಟ್ಟಿದರು. ಎರಡು ಸಲ ಬಸ್ಸು ಹತ್ತಿ ಅವನ ಹಳ್ಳಿಗೆ ಹೋದರು. ಬೆಂಗಳೂರಿನಲ್ಲಿ ಯಾವುದೋ ಹೋಟೆಲಿಗೆ ಸೇರಿಕೊಂಡಿದ್ದಾನೆ ಅಂತ ಅವರಪ್ಪ ಹೇಳಿದರಂತೆ, ಯಾವ ಹೋಟೆಲು ಅಂತ ಅವರಿಗೂ ಗೊತ್ತಿಲ್ಲ. ಹಾಲ್ ಟಿಕೆಟ್ ಅಣ್ಣನ ಹತ್ತಿರವೇ ಉಳಿಯಿತು. “ಈಗಲೂ ಲಾಗರಿದಮ್ ಪುಸ್ತಕದೊಳಗೆ ಇದೆ. ಬಿಸಾಕೋಕೆ ಆಗಿಲ್ಲ.”

ನಾನು ಅಡುಗೆಮನೆಗೆ ಹೋಗಿ ಆ ಮೆಸೇಜನ್ನು ಅಳಿಸಿದೆ. ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು.

ಹಿಂದಿನ ಲೆಕ್ಕವಾಗಿದ್ದರೆ ಆ ಸೀಸನ್ ಅಲ್ಲಿಗೆ ಮುಗಿದಿರುತ್ತಿತ್ತು. 2014ರಿಂದ 2023ರವರೆಗೆ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸುತ್ತಿಗೆ ನಾಲ್ಕೇ ತಂಡ. ಎರಡು ಸೋತವರು ಯಾರೂ ಆ ನಾಲ್ಕರೊಳಗೆ ಬಂದದ್ದೇ ಇಲ್ಲ. 2024ರಲ್ಲಿ ಅದನ್ನು 12 ತಂಡಕ್ಕೆ ಏರಿಸಿದರು. ನಮ್ಮವರು ಎಂಟನೆಯವರಾಗಿ ಒಳಗೆ ಬಂದರು. ಅದರ ಬಗ್ಗೆ ತಕರಾರೂ ಇತ್ತು. ಸೋತರೂ ನಡೆಯುತ್ತದೆ ಅಂದರೆ ಸೀಸನ್ನಿನ ಆಟಗಳಿಗೆ ಬೆಲೆ ಏನು ಉಳಿಯಿತು ಅಂತ.

ಅಣ್ಣನಿಗೆ ಇದನ್ನು ವಿವರಿಸಿದಾಗ ಅವರು ನಕ್ಕರು. ಅದೇ 2024ರಲ್ಲಿ ಕರ್ನಾಟಕದಲ್ಲೂ ಸಪ್ಲಿಮೆಂಟರಿ ಅನ್ನುವುದು ಹೋಗಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಪರೀಕ್ಷೆ ಒಂದು, ಎರಡು, ಮೂರು ಬಂದಿತ್ತು. ಮೂರರಲ್ಲಿ ಯಾವುದರಲ್ಲಿ ಜಾಸ್ತಿ ಬಂದಿದೆಯೋ ಆ ಅಂಕ ಇಟ್ಟುಕೊಳ್ಳಬಹುದು. ಅಲ್ಲೂ ಇದೇ ತಕರಾರು. ಮಕ್ಕಳಿಗೆ ಮೊದಲನೇ ಪರೀಕ್ಷೆಯ ಭಯವೇ ಹೋಗುತ್ತದೆ ಅಂತ ಅಣ್ಣನ ಜೊತೆಯ ಮೇಷ್ಟ್ರುಗಳೇ ಹೇಳಿದ್ದರಂತೆ. “ಭಯ ಹೋದರೆ ಹೋಗಲಿ ಬಿಡಮ್ಮ” ಅಂದರು ಅಣ್ಣ. ನಾನು ಪೂರ್ತಿ ಒಪ್ಪಿದೆ. ನವೆಂಬರ್ 30ರ ಸೋಲು ಹಾಗೆಲ್ಲ ಅಳಿಸಿ ಹೋಗಲಿಲ್ಲ. ಸಾಯರ್‌ಗೆ, ಎಗ್ಬೂಕಾಗೆ ಬಂಗಾರದ ಪ್ಯಾಂಟ್ ಇನ್ನು ಯಾವತ್ತೂ ಸಿಗುವುದಿಲ್ಲ. ಬೆಲೆ ಇಲ್ಲ ಅನ್ನುವವರು ಆ ಹುಡುಗರ ಮುಖ ನೋಡಿಲ್ಲ.

ನವೆಂಬರ್ 30ರಿಂದ ಡಿಸೆಂಬರ್ 21ರ ಮುಂದಿನ ಆಟಕ್ಕೆ ಇಪ್ಪತ್ತೊಂದು ದಿನ. ಆಟಗಾರರೂ ಕೋಚುಗಳೂ ಒಂದೇ ಕೋಣೆಯಲ್ಲಿ ಕೂತು ಮನಸ್ಸಿನಲ್ಲಿದ್ದದ್ದೆಲ್ಲ ಹೇಳಿಕೊಂಡರು ಅಂತ ಆಮೇಲೆ ಅವರೇ ಹೇಳಿದರು. ರಾಯನ್ ಡೇ ಚಿಕ್ಕ ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡವರು. ತಂದೆ ಆತ್ಮಹತ್ಯೆ ಮಾಡಿಕೊಂಡಿದ್ದರು. ಆ ವಿಷಯವನ್ನು ಅವರು ಮುಚ್ಚಿಟ್ಟಿಲ್ಲ. ಹೆಂಡತಿಯ ಜೊತೆ ಸೇರಿ ಇದೇ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ಮನಸ್ಸಿನ ಆರೋಗ್ಯಕ್ಕಾಗಿ ನಿಧಿ ಕಟ್ಟಿದ್ದಾರೆ. ಆ ಕೋಣೆಯಲ್ಲಿ ಏನೇನು ಮಾತಾಯಿತೋ. ಸೋತ ಹುಡುಗನ ಎದುರು ಯಾವ ಮಾತು ಆಡಬಾರದು ಅಂತ ಅಂಥವರಿಗೆ ಗೊತ್ತಿರುತ್ತದೆ ಅಂತ ನಾನು ನಂಬಿದ್ದೇನೆ.

ಟೆನೆಸಿ ಮೇಲಿನ ಆಟ ನಮ್ಮೂರಲ್ಲೇ, ರಾತ್ರಿ, ಕೊರೆಯುವ ಚಳಿಯಲ್ಲಿ. ಟಿಕೆಟ್ ಮಾರಿಬಿಟ್ಟ ನಮ್ಮವರೇ ಜಾಸ್ತಿ ಇದ್ದರೇನೋ, ಸ್ಟೇಡಿಯಮ್ಮಿನಲ್ಲಿ ಎಲ್ಲಿ ನೋಡಿದರೂ ಟೆನೆಸಿಯ ಕಿತ್ತಳೆ ಬಣ್ಣ. ಮಗ ಮಾತ್ರ ಹೋಗಿದ್ದ. ಮೊದಲ ಕ್ವಾರ್ಟರಿನಲ್ಲೇ 21-0. ಕೊನೆಗೆ 42-17. ಹೊಸ ವರ್ಷದ ದಿನ ಕ್ಯಾಲಿಫೋರ್ನಿಯಾದ ರೋಸ್ ಬೌಲಿನಲ್ಲಿ ಮತ್ತೆ ಅದೇ ಓರೆಗಾನ್, ಒಂದೂ ಸೋಲದೆ ಮೊದಲನೇ ಸ್ಥಾನದಲ್ಲಿದ್ದ ತಂಡ. ಅರ್ಧ ಆಟ ಮುಗಿಯುವ ಮೊದಲೇ ನಮ್ಮವರದು 34, ಅವರದು ಸೊನ್ನೆ. ಜೆರಮಾಯಾ ಸ್ಮಿತ್ ಆವತ್ತು ಚೆಂಡು ಹಿಡಿದು ಒಟ್ಟು 187 ಗಜ ಗಳಿಸಿದ. ಅವನಿಗೆ ಅದು ಕಾಲೇಜಿನ ಮೊದಲ ವರ್ಷ. 41-21. ಆ ಆಟದಲ್ಲಿ ಒದೆಯೋ ಹುಡುಗ ಕೂಡ ತನ್ನ ಪಾಲಿನದನ್ನು ಸರಿಯಾಗಿ ಒದ್ದ.

ಟೆಕ್ಸಸ್ ಮೇಲಿನ ಸೆಮಿಫೈನಲ್ ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ. ಜನವರಿ 10. ನಾವು 21-14ರಲ್ಲಿ ಮುಂದೆ. ಟೆಕ್ಸಸ್ ಗಡಿಯ ಒಂದೇ ಗಜ ದೂರಕ್ಕೆ ಬಂದು ನಿಂತಿತ್ತು. ನಾಲ್ಕು ಪ್ರಯತ್ನ ಅವರ ಕೈಯಲ್ಲಿ. ಒಂದರಲ್ಲಿ ಏಳು ಗಜ ಹಿಂದೆ ತಳ್ಳಿಸಿಕೊಂಡರು. ನಾಲ್ಕನೆಯದರಲ್ಲಿ ಸಾಯರ್ ಒಳನುಗ್ಗಿ ಟೆಕ್ಸಸ್ಸಿನ ಕ್ವಾರ್ಟರ್‌ಬ್ಯಾಕ್ ಕ್ವಿನ್ ಎವರ್ಸ್ ಕೈಯಿಂದ ಚೆಂಡು ಬೀಳಿಸಿದ, ಪುಟಿದದ್ದನ್ನು ತಾನೇ ಹಿಡಿದ, 83 ಗಜ ಓಡಿದ. ಅಷ್ಟು ದೊಡ್ಡ ಮೈಯ ಹುಡುಗ ಓಡುತ್ತಲೇ ಇದ್ದ. ಎವರ್ಸ್ 2021ರಲ್ಲಿ ಒಹಾಯೋ ಸ್ಟೇಟಿನಲ್ಲಿದ್ದವನು, ಸಾಯರ್‌ನ ರೂಮ್‌ಮೇಟ್ ಆಗಿದ್ದವನು. ಒಂದೇ ರೂಮಿನಲ್ಲಿ ಶುರು ಮಾಡಿದ ಇಬ್ಬರು ಆ ಗಡಿಯ ಹತ್ತಿರ ಹಾಗೆ ಎದುರಾದರು. ಮಗ ಕುಣಿಯುತ್ತಿದ್ದ. ಅಣ್ಣ ಮಾತ್ರ, “ಇನ್ನೊಬ್ಬ ಹುಡುಗ ಎದ್ದನಾ ನೋಡಮ್ಮ” ಅಂದರು.

ಫೈನಲ್ ಜನವರಿ 20, ಸೋಮವಾರ, ಅಟ್ಲಾಂಟಾದಲ್ಲಿ, ನೋಟ್ರ ಡೇಮ್ ಮೇಲೆ. ಆ ಹೊತ್ತಿಗೆ ಅಣ್ಣನ ಸೂಟ್‌ಕೇಸ್ ಅರ್ಧ ತುಂಬಿತ್ತು, ಇನ್ನೆರಡು ವಾರಕ್ಕೆ ವಾಪಸ್ ಟಿಕೆಟ್. ಸಂಜೆ ಕಾಫಿ ಕುಡಿಯುತ್ತಾ ಒಂದು ಹಳೇ ಕವರಿನ ಹಿಂದೆ ಲೆಕ್ಕ ಹಾಕುತ್ತಾ ಕೂತಿದ್ದರು. ಗೋಲ್ ಕಂಬಗಳ ನಡುವೆ 18 ಅಡಿ 6 ಇಂಚು. 38 ಗಜದಿಂದ ನೇರ ಒದ್ದರೆ ಹುಡುಗನಿಗೆ ಸಿಗುವ ಕೋನ 9 ಡಿಗ್ರಿ ಚಿಲ್ಲರೆ. “ಒಂಬತ್ತು ಡಿಗ್ರಿ ಅಂದರೆ ಎಷ್ಟು ಗೊತ್ತಾ? ಗಡಿಯಾರದಲ್ಲಿ ಒಂದೂವರೆ ನಿಮಿಷದ ಜಾಗ. ಅಷ್ಟರಲ್ಲಿ ತೂರಿಸಬೇಕು. ಗಾಳಿ ಬೇರೆ. ಮೇಲೆ ಬೀಳೋಕೆ ಬರೋರು ಬೇರೆ.” ಆ ಕವರನ್ನು ನಾನು ಎತ್ತಿಟ್ಟುಕೊಂಡಿದ್ದೇನೆ.

ಮೊದಲು ನೋಟ್ರ ಡೇಮ್ 18 ಸಲ ಚೆಂಡು ಮುಟ್ಟಿ, ಹತ್ತು ನಿಮಿಷದ ಹತ್ತಿರ ಹತ್ತಿರ ತೆಗೆದುಕೊಂಡು ಟಚ್‌ಡೌನ್ ಮಾಡಿತು. ಅಲ್ಲಿಂದ ಮುಂದೆ ಹೋವರ್ಡ್ ಎಸೆದದ್ದೆಲ್ಲ ಕೈ ಸೇರಿತು, ಮೊದಲ 13 ಎಸೆತವೂ. 31-7 ಆದಾಗ ಮಗನಿಗೆ ಫೋನ್ ಮೇಲೆ ಫೋನ್. ಆದರೆ ನೋಟ್ರ ಡೇಮ್ ಬಿಡಲಿಲ್ಲ. 31-15. ಆಮೇಲೆ ಅವರ ಕಿಕ್ಕರ್ ಹತ್ತಿರದಿಂದ ಒದ್ದದ್ದು ಕಂಬಕ್ಕೆ ಬಡಿದು ವಾಪಸ್ ಬಂತು. ನಮ್ಮ ಮನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕೈ ಎತ್ತಲಾಗಲಿಲ್ಲ. ಅಣ್ಣನ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು.

ಮತ್ತೆ ಟಚ್‌ಡೌನ್. 31-23. ಕೊನೆಯ ನಿಮಿಷಗಳು. ನಮ್ಮವರಿಗೆ ಮೂರನೇ ಪ್ರಯತ್ನದಲ್ಲಿ 11 ಗಜ ಬೇಕಿತ್ತು. ತಪ್ಪಿದ್ದರೆ ಚೆಂಡು ಅವರಿಗೆ ಹೋಗುವ ಸಂಭವವೇ ಜಾಸ್ತಿ. ಹೋವರ್ಡ್ ಉದ್ದಕ್ಕೆ ಎಸೆದ, ಸ್ಮಿತ್ ಹಿಡಿದ, 56 ಗಜ. ಆಮೇಲೆ ಗಡಿಯಾರ ಓಡಿಸಿ ಓಡಿಸಿ, ಕೊನೆಗೆ ಫೀಲ್ಡ್ ಗೋಲಿಗೆ ಕರೆದರು. 33 ಗಜ. ಇದು ಹೋದರೆ ಮುಗಿಯಿತು. ತಪ್ಪಿದರೆ ನೋಟ್ರ ಡೇಮ್‌ಗೆ ಒಂದು ಅವಕಾಶ, ಸಮ ಮಾಡಲು ಎಂಟೇ ಅಂಕ ಬೇಕು.

ಆ ಹುಡುಗ ಎರಡು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಅಣ್ಣ ಕೈ ಮುಗಿದಿದ್ದರು. ದೇವರ ಮುಂದೆ ಮುಗಿಯುವ ಹಾಗಲ್ಲ, ಎದೆಯ ಹತ್ತಿರ, ಚಳಿಗೆ ಕೈ ಒತ್ತಿ ಹಿಡಿದುಕೊಳ್ಳುವ ಹಾಗೆ.

ಚೆಂಡು ಕಂಬಗಳ ನಡುವೆಯೇ ಹೋಯಿತು. ಉಳಿದದ್ದು 26 ಸೆಕೆಂಡ್. 34-23.

ಮಗ ಕೋಟು ಹಾಕಿಕೊಳ್ಳದೆ ಬೀದಿಗೆ ಓಡಿದ, ಅವನ ಹಿಂದೆ ಅವರಪ್ಪ ಕೋಟು ಹಿಡಿದು ಓಡಿದರು. ಎರಡು ಸೋತ ತಂಡವೊಂದು ಚಾಂಪಿಯನ್ ಆದದ್ದು 2007ರ ಸೀಸನ್ನಿನ ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ ಆದಮೇಲೆ ಇದೇ ಅಂತ ಟೀವಿಯಲ್ಲಿ ಹೇಳುತ್ತಿದ್ದರು. ನಾನು ವಾಟ್ಸಾಪ್ ತೆರೆದೆ. ಗುಂಪಿನಲ್ಲಿ ಪಟಾಕಿ, ಹೃದಯ, ಕುಣಿತ. ನಾನು ಬರೆದೆ: ನವೆಂಬರಿನಲ್ಲಿ ಆ ಹುಡುಗನ ಬಗ್ಗೆ ನಾನು ಬರೆದದ್ದು ತಪ್ಪು, ಅವನು ಇವತ್ತು ತಪ್ಪಿದ್ದರೂ ಅದು ತಪ್ಪೇ ಆಗಿರುತ್ತಿತ್ತು. ಯಾರೂ ಉತ್ತರ ಕೊಡಲಿಲ್ಲ. ಒಬ್ಬಳು ಮಾತ್ರ ಮಾರನೇ ದಿನ ಫೋನ್ ಮಾಡಿ, ನಾನೂ ಬರೆದಿದ್ದೆ ಕಣೇ ಅಂದಳು.

ಫೆಬ್ರವರಿ ಮೊದಲಲ್ಲಿ ಅಣ್ಣ ಹೊರಟರು. ಏರ್‌ಪೋರ್ಟಿನಲ್ಲಿ ಮೊಮ್ಮಗ ಅವರ ತಲೆಗೆ ಒಹಾಯೋ ಸ್ಟೇಟಿನ ಕೆಂಪು ಉಣ್ಣೆ ಟೋಪಿ ಹಾಕಿದ. ತಿಪಟೂರಿನ ಬಿಸಿಲಿಗೆ ಅದು ಬೇಡವಾಗಿತ್ತು, ಆದರೂ ತೆಗೆಯಲಿಲ್ಲ.

ಏಪ್ರಿಲಿನಲ್ಲಿ ಪಿಯುಸಿ ಪರೀಕ್ಷೆ ಒಂದರ ಫಲಿತಾಂಶ ಬಂದ ವಾರ ಅಣ್ಣನಿಗೆ ಫೋನ್ ಮಾಡಿದ್ದೆ. ಆಚೆ ಕಡೆ ಯಾರೋ ಮಾತಾಡುವುದು ಕೇಳಿಸಿತು. ಯಾರು ಅಂದೆ. ಹಿಂದಿನ ಬೀದಿಯ ಹುಡುಗ, ಗಣಿತ ಹೋಗಿದೆ, ಪರೀಕ್ಷೆ ಎರಡಕ್ಕೆ ಕೂರುತ್ತಾನೆ, ದಿನಾ ಸಂಜೆ ಬರೋಕೆ ಹೇಳಿದ್ದೀನಿ ಅಂದರು. ಆ ಹುಡುಗ ಬಂದ ದಿನ ಅವನಿಗೆ ಏನಂದಿರಿ ಅಂತ ಕೇಳಿದೆ.

“ಏನೂ ಅನ್ನಲಿಲ್ಲಮ್ಮ. ಕೂತ್ಕೋ, ಇಂಟಿಗ್ರೇಷನ್ನಿಂದ ಶುರು ಮಾಡೋಣ ಅಂದೆ.”